ಮಳೆನೀರು ಕುಡಿದರೆ ಮಂಡಿ ಹಿಡಿಯುತ್ತದೆಯೇ?

ಪ್ರಶ್ನೆ: ನಾವಿರುವುದು ಪಾವಗಡ ತಾಲ್ಲೂಕಿನಲ್ಲಿ, ಊರಿಂದ ಎರಡು ಕಿಲೋಮೀಟರ್ ಆಚೆ, ತೋಟದ ಮನೆಯಲ್ಲಿ. ಅತ್ತೆ, ಮಾವ, ನಾವಿಬ್ಬರು, ಇಬ್ಬರು ಮಕ್ಕಳು, ಒಟ್ಟು ಆರು ಜನ. ಎರಡು ಹಸುಗಳಿವೆ. 700 ಅಡಿ ಬೋರ್ ಇದೆ, ನೀರಿಗೆ ಕೊರತೆಯಿಲ್ಲ. ಆದರೆ ಪರೀಕ್ಷೆ ಮಾಡಿಸಿದಾಗ ಫ್ಲೋರೈಡ್ ಲೀಟರಿಗೆ 3.2 ಮಿಲಿಗ್ರಾಂ ಬಂತು. ಒಂಬತ್ತು ವರ್ಷದ ಮಗಳ ಹಲ್ಲಿನ ಮೇಲೆ ಕಂದು ಗೆರೆಗಳಿವೆ. ದಂತವೈದ್ಯರು ನೀರಿನಿಂದಲೇ ಎಂದರು. ಚಿಕ್ಕವನಿಗೆ ಈಗ ಮೂರು ವರ್ಷ. ಕುಡಿಯಲು ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುತ್ತೇವೆ, ಅಡುಗೆಗೆ ಬೋರ್ ನೀರೇ. ಮಳೆನೀರು ಹಿಡಿದು ಮನೆಗೆಲ್ಲ ಅದನ್ನೇ ಬಳಸೋಣವೆಂದು ನನ್ನ ಆಸೆ. 720 ಚದರಡಿ ಆರ್‌ಸಿಸಿ ಮನೆ, ಪಕ್ಕದಲ್ಲಿ 400 ಚದರಡಿಯ ಹಳೇ ಹೆಂಚಿನ ಮನೆ, 600 ಚದರಡಿಯ ಸಿಮೆಂಟ್ ಶೀಟಿನ ಕೊಟ್ಟಿಗೆ ಇವೆ. ಮೇಸ್ತ್ರಿ ಒಂದು ಲಕ್ಷ ಲೀಟರಿನ ಸಂಪು ಕಟ್ಟಿಸಿ ಅನ್ನುತ್ತಾರೆ. ಮಾವ "ಮಳೆನೀರಲ್ಲಿ ಸತ್ವ ಇರಲ್ಲ, ಮಂಡಿ ಹಿಡ್ಕೊಳ್ಳುತ್ತೆ, ಎರಡು ತಿಂಗಳಿಗೆ ಹುಳ ಬೀಳುತ್ತೆ" ಅಂತ ಒಪ್ಪುತ್ತಿಲ್ಲ. ನೀರು ಶುದ್ಧ ಮಾಡುವ ಆರ್‌ಒ ಯಂತ್ರ ಮಾರುವವರು ಮಳೆನೀರಿಗೆ ಟಿಡಿಎಸ್ ಪೆನ್ ಅದ್ದಿ, ಇದು ಸತ್ತ ನೀರು ಎಂದರು. ಪಕ್ಕದ ತೋಟದವರು ಚಾವಣಿ ನೀರನ್ನು ನೇರ ಬೋರ್‌ಗೇ ಬಿಟ್ಟರೆ ಫ್ಲೋರೈಡ್ ಹೋಗುತ್ತದೆ ಎನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ನೀವು ಕೇಳಿರುವ ಪ್ರಶ್ನೆಗಳು ಹಲವು. ಆದರೆ ಎಲ್ಲದರ ಹಿಂದೆ ಇರುವುದು ಚಿಕ್ಕವನ ಹಲ್ಲಿನ ಚಿಂತೆ ಎಂದು ನನಗೆ ಅನ್ನಿಸಿತು. ಆದ್ದರಿಂದ ಸಂಪು, ಫಿಲ್ಟರ್ ಎಲ್ಲ ಆಮೇಲೆ. ಮೊದಲು ಇವತ್ತೇ ಮಾಡಬೇಕಾದ ಒಂದು ಕೆಲಸ ಹೇಳುತ್ತೇನೆ.

ಅಡುಗೆಗೂ ಕ್ಯಾನ್ ನೀರನ್ನೇ ಬಳಸಿ. ಕುಡಿಯುವ ನೀರನ್ನಷ್ಟೇ ಬದಲಾಯಿಸಿದರೆ ಅರ್ಧ ಕೆಲಸ ಆದ ಹಾಗೆ. ಅನ್ನ ಬೇಯುವಾಗ ಅಕ್ಕಿ ಹೀರಿಕೊಳ್ಳುವುದು ನೀರನ್ನು, ಬೇಳೆಯೂ ಅಷ್ಟೇ, ಮುದ್ದೆಯ ಎಸರು ಪೂರ್ತಿ ಹಿಟ್ಟಿನೊಳಗೇ ಸೇರುತ್ತದೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಕುದಿದಷ್ಟೂ ನೀರು ಆವಿಯಾಗುತ್ತದೆ, ಫ್ಲೋರೈಡ್ ತಪ್ಪಲೆಯಲ್ಲೇ ಉಳಿದು ಇನ್ನಷ್ಟು ಗಟ್ಟಿಯಾಗುತ್ತದೆ. ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಹಳ್ಳಿಗಳಲ್ಲಿ ನೀರಿನ ಕೆಲಸ ಮಾಡಿದ ಇಷ್ಟು ವರ್ಷಗಳಲ್ಲಿ ನಾನು ಎಷ್ಟೋ ಮನೆಗಳಲ್ಲಿ ಕಂಡದ್ದು ಇದೇ: ಮೂಲೆಯಲ್ಲಿ ಇಪ್ಪತ್ತು ಲೀಟರ್ ಕ್ಯಾನ್, ಒಲೆಯ ಮೇಲೆ ಬೋರ್ ನೀರು. ಯಾರೂ ಬೇಕೆಂದು ಮಾಡಿದ್ದಲ್ಲ. ಕ್ಯಾನ್ ನೀರು ಕುಡಿಯುವುದಕ್ಕೆ ಅಂತ ಮನಸ್ಸಿನಲ್ಲಿ ಕೂತಿರುತ್ತದೆ, ಅಷ್ಟೇ.

ಯಾಕೆ ಇಷ್ಟು ಅವಸರ ಅಂದರೆ, ಮಕ್ಕಳ ಶಾಶ್ವತ ಹಲ್ಲುಗಳ ಹೊರಪದರ ದವಡೆಯೊಳಗೆ ಕಟ್ಟಿಕೊಳ್ಳುವುದು ಸುಮಾರು ಎಂಟು ವರ್ಷದೊಳಗೆ. ಆ ಹೊತ್ತಿನಲ್ಲಿ ಹೊಟ್ಟೆಗೆ ಹೋದ ಫ್ಲೋರೈಡ್ ಆಮೇಲೆ ಗೆರೆಯಾಗಿ ಕಾಣಿಸುತ್ತದೆ. ನಿಮ್ಮ ಮಗಳ ಹಲ್ಲಿನ ಗೆರೆಗಳು ನೀರು ಬದಲಾಯಿಸಿದರೆ ಅಳಿಸಿಹೋಗುವುದಿಲ್ಲ, ಅದಕ್ಕೆ ದಂತವೈದ್ಯರ ಬಳಿ ಬೇರೆ ಉಪಾಯಗಳಿವೆ. ಆದರೆ ಅವಳ ಮೂಳೆ ಇನ್ನೂ ಬೆಳೆಯುತ್ತಿದೆ, ಅವಳಿಗೂ ಒಳ್ಳೆಯ ನೀರು ಬೇಕು. ಮೂರು ವರ್ಷದವನಿಗಂತೂ ಮುಂದಿನ ಐದು ವರ್ಷ ಬಹಳ ಮುಖ್ಯ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಸಿಗದ ಕಡೆ 1.5ರವರೆಗೆ ಸಹಿಸಬಹುದು. ನಿಮ್ಮದು ಅದರ ಎರಡು ಪಟ್ಟಿಗಿಂತ ಹೆಚ್ಚು.

ಇದು ಎಲ್ಲಿಂದ ಬಂತು? ಯಾವುದೋ ಕಾರ್ಖಾನೆಯಿಂದಲ್ಲ, ನಿಮ್ಮ ಕಾಲಡಿಯ ಬಂಡೆಯಿಂದ. ಪಾವಗಡದ ಕೋಟೆ ನಿಂತಿರುವ ಬೆಟ್ಟವನ್ನು ನೋಡಿದ್ದೀರಲ್ಲ, ನೆಲದಡಿಯೂ ಅಂಥದ್ದೇ ಕಲ್ಲು. ಆ ಕಲ್ಲಿನ ಕೆಲವು ಖನಿಜಗಳಲ್ಲಿ ಫ್ಲೋರಿನ್ ಸೇರಿಕೊಂಡಿರುತ್ತದೆ. ಬಾವಿಗಳಿದ್ದ ಕಾಲದಲ್ಲಿ ಜನ ಕುಡಿಯುತ್ತಿದ್ದದ್ದು ಮೇಲುಮೇಲಿನ, ಆಯಾ ವರ್ಷದ ಮಳೆಯ ನೀರನ್ನು. ಈಗ 700 ಅಡಿಯಿಂದ ಬರುವ ನೀರು ಬಿರುಕುಗಳಲ್ಲಿ ಎಷ್ಟೋ ವರ್ಷ ಕಲ್ಲಿನ ಜೊತೆ ಕೂತು, ಅದರ ಉಪ್ಪನ್ನೆಲ್ಲ ಕರಗಿಸಿಕೊಂಡ ನೀರು. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಲ್ಲೂ ಗೊತ್ತಾಗುವುದಿಲ್ಲ. ಅದಕ್ಕೇ ಇದು ಮನೆಯೊಳಗೆ ಬಂದು ಕೂತದ್ದು ಯಾರಿಗೂ ತಿಳಿಯಲಿಲ್ಲ.

ಈಗ ಮಳೆನೀರಿಗೆ ಬರೋಣ. ನಾನು ಹೇಳಬೇಕಾದ ಮುಖ್ಯ ಮಾತು ಇದು: ಮಳೆನೀರನ್ನು ಮನೆಗೆಲ್ಲ ಹಂಚಬೇಡಿ, ಅಡುಗೆಮನೆಗೆ ಕೊಡಿ. ನಿಮ್ಮ ಊರಿನ ಮಳೆ ಇಡೀ ಮನೆಗೆ ಸಾಲುವುದಿಲ್ಲ, ಆರು ಜನರ ಹೊಟ್ಟೆಗೆ ಧಾರಾಳವಾಗಿ ಸಾಲುತ್ತದೆ.

ಲೆಕ್ಕ ಸುಲಭ. ಒಂದು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಪಾವಗಡದಲ್ಲಿ ವರ್ಷಕ್ಕೆ 500 ಮಿ.ಮೀ. ಆಸುಪಾಸು ಮಳೆ. ನಿಮ್ಮ ಆರ್‌ಸಿಸಿ 720 ಚದರಡಿ ಎಂದರೆ 67 ಚದರ ಮೀಟರ್. ಸಿಡಿದು, ಆರಿ, ಹೀರಿ ಹೋಗುವುದನ್ನು ಕಳೆದು ನೂರಕ್ಕೆ ಎಂಬತ್ತು ಕೈಗೆ ಬರುತ್ತದೆ ಅಂದುಕೊಂಡರೆ ವರ್ಷಕ್ಕೆ ಸುಮಾರು 26,800 ಲೀಟರ್. ಹೆಂಚಿನ ಮನೆಯಿಂದ 15,000 ಹತ್ತಿರ, ಕೊಟ್ಟಿಗೆಯಿಂದ 22,000 ಹತ್ತಿರ. ಮೂರೂ ಸೇರಿ 65,000 ಮುಟ್ಟುವುದಿಲ್ಲ. ಇನ್ನು ಖರ್ಚು ನೋಡಿ. ಸ್ನಾನ, ಬಟ್ಟೆ, ಪಾತ್ರೆ ಎಲ್ಲ ಹಿಡಿದು ತಲೆಗೆ 70 ಲೀಟರ್ ಅಂದರೂ ಆರು ಜನಕ್ಕೆ ದಿನಕ್ಕೆ 420, ವರ್ಷಕ್ಕೆ ಒಂದೂವರೆ ಲಕ್ಷ ಲೀಟರ್ ದಾಟುತ್ತದೆ. ಆಗದ ಮಾತು. ಮೇಸ್ತ್ರಿಯವರು ಹೇಳುವ ಲಕ್ಷ ಲೀಟರಿನ ಸಂಪು ಕಟ್ಟಿಸಿದರೆ, ಮೂರು ಚಾವಣಿಯ ಒಂದು ಹನಿಯನ್ನೂ ಬಿಡದೆ ಹಿಡಿದು, ಒಂದು ಚೊಂಬನ್ನೂ ಬಳಸದೆ ವರ್ಷವಿಡೀ ಕಾದರೂ ಅದು ತುಂಬುವುದಿಲ್ಲ. ಆ ದುಡ್ಡನ್ನು ಉಳಿಸಿ.

ಬರಿಯ ಕುಡಿಯುವುದು ಮತ್ತು ಅಡುಗೆ ಅಂದರೆ ತಲೆಗೆ 5 ಲೀಟರ್, ಮನೆಗೆ ದಿನಕ್ಕೆ 30, ವರ್ಷಕ್ಕೆ 11,000 ಲೀಟರ್ ಒಳಗೆ. ಆರ್‌ಸಿಸಿ ಚಾವಣಿಯೊಂದೇ ಇದರ ಎರಡು ಪಟ್ಟು ಮೀರಿ ಕೊಡುತ್ತದೆ. ಮಳೆ 300 ಮಿ.ಮೀ.ಗೆ ಇಳಿದ ಬರದ ವರ್ಷವೂ 16,000 ಸಿಗುತ್ತದೆ. ಮಿಕ್ಕ ಕೆಲಸಕ್ಕೆಲ್ಲ ಬೋರ್ ನೀರು ಬಳಸಿ, ಹೆದರಬೇಡಿ. ಫ್ಲೋರೈಡ್ ಕೆಟ್ಟದ್ದು ಮಾಡುವುದು ಹೊಟ್ಟೆಗೆ ಹೋದಾಗ. ಸ್ನಾನ ಮಾಡಿದರೆ, ಬಟ್ಟೆ ಒಗೆದರೆ ಏನೂ ಆಗುವುದಿಲ್ಲ. ಹಸುಗಳಿಗೆ ಮಾತ್ರ ನಮ್ಮ ಹಾಗೇ ಹಲ್ಲು, ಮೂಳೆ ಎರಡಕ್ಕೂ ತೊಂದರೆಯಾಗುತ್ತದೆ. ಹೆಂಚಿನ ಮನೆಯ ನೀರನ್ನು ಒಂದು ತೊಟ್ಟಿಗೆ ಬಿಟ್ಟುಕೊಂಡರೆ ಮಳೆಗಾಲದ ತಿಂಗಳುಗಳಾದರೂ ಅವುಗಳ ಬಾನಿಗೆ ಅದೇ ಆಗುತ್ತದೆ.

ಮಾವನವರ ಮಾತನ್ನು ತಳ್ಳಿಹಾಕಬೇಡಿ. ಅವರು ಹೇಳುವ ಮೂರರಲ್ಲೂ ಕಣ್ಣಾರೆ ಕಂಡದ್ದು ಏನೋ ಇದೆ, ಕಾರಣ ಮಾತ್ರ ಬೇರೆ.

"ಸತ್ವ ಇರಲ್ಲ" ಅನ್ನುವುದು ಒಂದು ಅರ್ಥದಲ್ಲಿ ನಿಜ. ಮಳೆನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಇಲ್ಲವೆನ್ನುವಷ್ಟು ಕಡಿಮೆ. ಆದರೆ ನಮ್ಮ ಮೂಳೆಗೆ ಬೇಕಾದ ಸುಣ್ಣ, ಅಂದರೆ ಕ್ಯಾಲ್ಸಿಯಂ, ಬರುವುದು ಹೆಚ್ಚಾಗಿ ತಟ್ಟೆಯಿಂದ. ನೂರು ಗ್ರಾಂ ರಾಗಿಹಿಟ್ಟಿನಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಮುದ್ದೆ, ಮೊಸರು, ನುಗ್ಗೆಸೊಪ್ಪು ಉಣ್ಣುವ ಮನೆಗೆ ನೀರಿನಿಂದ ಬರುವ ಸುಣ್ಣ ತಪ್ಪಿದರೆ ನಷ್ಟವಿಲ್ಲ. ಊಟದಲ್ಲಿ ಸುಣ್ಣ ಚೆನ್ನಾಗಿದ್ದರೆ ಫ್ಲೋರೈಡ್ ಮೈಗೆ ಹತ್ತುವುದೂ ಕಡಿಮೆ. ಆದ್ದರಿಂದ ಅತ್ತೆಯವರು ಮಾಡುವ ರಾಗಿಮುದ್ದೆಯನ್ನು ಮಕ್ಕಳಿಗೆ ಬಿಡಿಸಬೇಡಿ.

ಮಂಡಿಯ ವಿಷಯ ನನಗೆ ನೋವು ಕೊಡುವಂಥದ್ದು. ನಿಮ್ಮ ಭಾಗದ ಹಳ್ಳಿಗಳಲ್ಲಿ ಐವತ್ತು ದಾಟುವ ಮೊದಲೇ ಕುತ್ತಿಗೆ ತಿರುಗಿಸಲಾಗದ, ಕುಕ್ಕರಗಾಲಲ್ಲಿ ಕೂರಲಾಗದ ಜನರನ್ನು ನಾನು ನೋಡಿದ್ದೇನೆ. ಎಷ್ಟೋ ಜನ ಅದನ್ನು ವಾಯು ಅಂದುಕೊಂಡು ಎಣ್ಣೆ ತಿಕ್ಕುತ್ತಾ ಕಾಲ ಕಳೆದರು. ಬಹಳ ವರ್ಷ ಫ್ಲೋರೈಡ್ ನೀರು ಕುಡಿದರೆ ಅದು ಮೂಳೆಯಲ್ಲಿ, ಕೀಲಿನ ಸುತ್ತ ಸೇರಿಕೊಂಡು ಬಿಗಿಯುತ್ತದೆ. ಅಂದರೆ ಮಂಡಿ ಹಿಡಿಸುವ ನೀರು ನಿಮ್ಮ ಮನೆಯಲ್ಲಿ ಈಗಾಗಲೇ ಇದೆ, ಅದು ಮೋಡದಿಂದ ಬಂದದ್ದಲ್ಲ. ಮಾವನವರಿಗೆ ಮಂಡಿ, ಸೊಂಟ, ಕುತ್ತಿಗೆ ನೋವಿದ್ದರೆ ಮೂಳೆ ವೈದ್ಯರಿಗೆ ಬೋರ್ ನೀರಿನ ವರದಿಯನ್ನೂ ತೋರಿಸಿ. ವಯಸ್ಸಿನಿಂದ ಬಂದದ್ದೋ, ನೀರಿನಿಂದ ಬಂದದ್ದೋ ಎಂದು ನಾನು ಇಲ್ಲಿ ಕೂತು ಹೇಳಲಾರೆ, ಅದು ಅವರ ಕೆಲಸ.

ಇನ್ನು ಹುಳ. ನೀರು ತಾನಾಗಿ ಹಳಸುವುದಿಲ್ಲ. ಹುಳ ಬೀಳಬೇಕಾದರೆ ಸೊಳ್ಳೆಯೋ ನೊಣವೋ ಒಳಗೆ ಬಂದು ಮೊಟ್ಟೆ ಇಡಬೇಕು. ಪಾಚಿ ಕಟ್ಟಬೇಕಾದರೆ ಬೆಳಕು ಬೇಕು, ವಾಸನೆ ಬರಬೇಕಾದರೆ ಕೊಳೆಯಲು ಎಲೆ, ಹಿಕ್ಕೆ ಬೇಕು. ಬೆಳಕು, ಹುಳು, ಕಸ ಮೂರಕ್ಕೂ ದಾರಿಯಿಲ್ಲದ ತೊಟ್ಟಿಯಲ್ಲಿ ನೀರು ವರ್ಷವಿಡೀ ಚೆನ್ನಾಗಿರುತ್ತದೆ. ರಾಜಸ್ಥಾನದ ಮರುಭೂಮಿಯಲ್ಲಿ ನೆಲದಡಿಯ ಟಾಂಕಾಗಳಲ್ಲಿ ಮಳೆನೀರು ಹಿಡಿದು ವರ್ಷವಿಡೀ ಕುಡಿದು ಬಂದಿದ್ದಾರೆ. ಬೆಂಗಳೂರಿನ ವಿಜಯನಗರದಲ್ಲಿ ವಿಜ್ಞಾನಿ ಎ. ಆರ್. ಶಿವಕುಮಾರ್ ಅವರು 1990ರ ದಶಕದಿಂದ ತಮ್ಮ ಮನೆಯನ್ನು ಮಳೆನೀರಿನಲ್ಲೇ ನಡೆಸಿದ್ದಾರೆ. ನಮ್ಮದೇ ಧಾರವಾಡ ಜಿಲ್ಲೆಯ ನವಲಗುಂದದ ಕಡೆ ನೆಲದ ನೀರು ಉಪ್ಪೆಂದು ತಲೆಮಾರುಗಳ ಕಾಲ ಕೆರೆಗೆ ಹರಿದುಬಂದ ಮಳೆನೀರನ್ನೇ ಕುಡಿದು ಬಂದಿದ್ದಾರೆ. ಮಾವನವರು ಕಂಡ ಹುಳ ಬಹುಶಃ ಮುಚ್ಚಳವಿಲ್ಲದ ತೊಟ್ಟಿಯದ್ದು.

ಟಿಡಿಎಸ್ ಪೆನ್ ವಿಚಾರ ಬೇಗ ಮುಗಿಸುತ್ತೇನೆ. ಅದು ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಅಂದಾಜು ಕೊಡುತ್ತದೆ. ಅದರಲ್ಲಿ ಫ್ಲೋರೈಡ್ ಎಷ್ಟು ಎಂದು ಅದಕ್ಕೆ ಗೊತ್ತಿಲ್ಲ, ರೋಗಾಣು ಅದಕ್ಕೆ ಕಾಣುವುದೇ ಇಲ್ಲ. ಟಿಡಿಎಸ್ ಕಡಿಮೆ ಇದ್ದರೆ ಸತ್ತ ನೀರು ಎನ್ನುವುದಾದರೆ ಅವರ ಯಂತ್ರದಿಂದ ಬರುವ ನೀರಿಗೂ ಅದೇ ಮಾತು ಅನ್ವಯಿಸಬೇಕಲ್ಲವೇ, ಆರ್‌ಒ ಮಾಡುವ ಕೆಲಸವೇ ಲವಣ ತೆಗೆಯುವುದು. ಆರ್‌ಒ ಬೇಡವೆಂದು ನಾನು ಹೇಳುತ್ತಿಲ್ಲ. ಒಳಗಿನ ಸೋಸುವ ಪರೆ, ಅಂದರೆ ಮೆಂಬ್ರೇನ್, ಸರಿಯಿದ್ದರೆ ಅದು ಫ್ಲೋರೈಡನ್ನು ಚೆನ್ನಾಗಿ ತೆಗೆಯುತ್ತದೆ. ಆದರೆ ಮೆಂಬ್ರೇನ್ ಸವೆದದ್ದು ಹೊರಗೆ ಕಾಣುವುದಿಲ್ಲ, ತೋಟದ ಮನೆಗೆ ಸರ್ವೀಸ್‌ನವರು ಕರೆದಾಗಲೆಲ್ಲ ಬರುವುದಿಲ್ಲ, ಮನೆಯ ಸಣ್ಣ ಯಂತ್ರಗಳಲ್ಲಿ ಶುದ್ಧವಾದದ್ದಕ್ಕಿಂತ ಚೆಲ್ಲುವ ನೀರೇ ಹೆಚ್ಚು. ಕೊಳ್ಳುವುದಾದರೆ ವರ್ಷಕ್ಕೆರಡು ಸಲವಾದರೂ ಹೊರಬರುವ ನೀರಿನ ಫ್ಲೋರೈಡ್ ಪರೀಕ್ಷೆ ಮಾಡಿಸುವ ಶಿಸ್ತು ಇರಬೇಕು. ಊರಿನ ಘಟಕದ ನೀರಿಗೂ ಇದೇ ಮಾತು, ಒಂದು ಬಾಟಲಿ ಪರೀಕ್ಷೆಗೆ ಕೊಡಿ. ಜಲ ಜೀವನ್ ಮಿಷನ್ ಬಂದ ಮೇಲೆ ಹಳ್ಳಿಯ ಹೆಣ್ಣುಮಕ್ಕಳಿಗೇ ಪರೀಕ್ಷಾ ಕಿಟ್ ಬಳಸುವ ತರಬೇತಿ ಕೊಟ್ಟಿದ್ದಾರೆ. ಪಂಚಾಯಿತಿಯಲ್ಲಿ ವಿಚಾರಿಸಿದರೆ ಗೊತ್ತಾಗುತ್ತದೆ.

ಯಾವ ಚಾವಣಿಯ ನೀರು ಯಾತಕ್ಕೆ? ಅಡುಗೆಮನೆಗೆ ಆರ್‌ಸಿಸಿ ಮಾತ್ರ. ಹೆಂಚಿನ ನೀರೂ ಕುಡಿಯಲಾಗದ್ದೇನಲ್ಲ, ಮಲೆನಾಡಲ್ಲಿ ಸೂರಿಗೆ ಅಡಿಕೆ ದಂಬೆ (ಸೀಳಿದ ಅಡಿಕೆ ಮರದ ದೋಣಿ) ಕಟ್ಟಿ ಹಿಡಿಯುತ್ತಿದ್ದದ್ದು ಅದೇ ನೀರು. ಆದರೆ ಹಳೇ ಹೆಂಚಿನ ಸಂದಿಯಲ್ಲಿ ಇಲಿ, ಹಲ್ಲಿ, ದೂಳು ಸೇರಿರುತ್ತವೆ, ಗುಡಿಸಲು ಬರುವುದಿಲ್ಲ. ಕೊಟ್ಟಿಗೆಯ ಸಿಮೆಂಟ್ ಶೀಟಿನಲ್ಲಿ ಆಸ್ಬೆಸ್ಟಾಸ್ ಇರುವ ಸಂಭವ ಹೆಚ್ಚು. ಅದರ ಎಳೆಗಳ ಅಪಾಯ ಮುಖ್ಯವಾಗಿ ಉಸಿರಿನ ಮೂಲಕ, ನೀರಿನ ಮೂಲಕ ಕೇಡಾಗುತ್ತದೆಂಬುದಕ್ಕೆ ಗಟ್ಟಿ ಸಾಕ್ಷ್ಯವಿಲ್ಲ. ಹಾಗಿದ್ದರೂ ಬೇರೆ ಚಾವಣಿ ಇರುವಾಗ ಅದನ್ನು ಮಕ್ಕಳ ಬಾಯಿಗೆ ಯಾಕೆ ತರಬೇಕು? ಆ ನೀರು ಗಿಡಕ್ಕೆ ಹೋಗಲಿ. ಆ ಶೀಟನ್ನು ಒಣಗಿದ್ದಾಗ ಉಜ್ಜುವುದು, ಕೊರೆಯುವುದು, ಒಡೆಯುವುದು ಮಾತ್ರ ಬೇಡ.

ಆರ್‌ಸಿಸಿ ಮೇಲೆ ಏನು ನಡೆಯುತ್ತದೆ ಅನ್ನುವುದೂ ಮುಖ್ಯ. ನಿಮ್ಮ ಕಡೆ ಕಡಲೆಕಾಯಿ ಕಿತ್ತು ಟೆರೇಸ್ ಮೇಲೆ ಹರಡುವ ಹೊತ್ತೂ ಮಳೆನೀರು ಹಿಡಿಯುವ ಹೊತ್ತೂ ಒಂದೇ ಆಗಿಬಿಡುತ್ತದೆ. ಕಾಯಿ ಒಣಗಿಸಲು ಅಂಗಳದಲ್ಲಿ ಜಾಗ ಮಾಡಿಕೊಳ್ಳಿ. ಔಷಧಿ ಹೊಡೆಯುವ ಪಂಪು, ಖಾಲಿ ಡಬ್ಬಿ ಮಹಡಿಯ ಮೇಲೆ ಇಡಲೇಬೇಡಿ. ಹುಣಸೆ ಕೊಂಬೆ ಚಾವಣಿಯ ಮೇಲೆ ಬಾಗಿದ್ದರೆ ಕಡಿಯಿರಿ, ನವಿಲು, ಕೋತಿ, ಪಾರಿವಾಳ ಎಲ್ಲವೂ ಅದೇ ದಾರಿಯಲ್ಲಿ ಇಳಿಯುತ್ತವೆ.

ತೊಟ್ಟಿ ಎಷ್ಟು ದೊಡ್ಡದಿರಲಿ ಅನ್ನುವುದಕ್ಕೆ ಒಂದು ಲೆಕ್ಕ ಇಟ್ಟುಕೊಳ್ಳಿ. ಅಕ್ಟೋಬರಿನ ಚಿತ್ತೆ ಮಳೆಗೆ ತುಂಬಿದ ತೊಟ್ಟಿ ಮುಂದಿನ ಸೆಪ್ಟೆಂಬರಿನ ಉತ್ತರೆಯವರೆಗೆ ಬರಬೇಕು, ನಡುವೆ ಮುಂಗಾರು ಪೂರ್ತಿ ಕೈಕೊಟ್ಟರೂ. ಅದು ಹತ್ತು ಹನ್ನೊಂದು ತಿಂಗಳು, ದಿನಕ್ಕೆ 30ರಂತೆ 9,000ದಿಂದ 10,000 ಲೀಟರ್. ಆದ್ದರಿಂದ 10,000 ಸಾಕು.

ನೆಲದೊಳಗೆ ಕಟ್ಟಿದರೆ ನೀರು ತಂಪಾಗಿರುತ್ತದೆ, ಜಾಗ ಉಳಿಯುತ್ತದೆ. ಹತ್ತಡಿ ಉದ್ದ, ಏಳಡಿ ಅಗಲ, ಐದಡಿ ಆಳ ತೆಗೆದರೆ ಹತ್ತಿರ ಹತ್ತಿರ 10,000 ಲೀಟರ್ ಹಿಡಿಯುತ್ತದೆ. ಆದರೆ ಹಸು ಕಟ್ಟುವ ಮನೆಯಲ್ಲಿ ನನಗೆ ನೆಲದ ಸಂಪು ಎಂದರೆ ಭಯ. ಕೆಲಸ ಶುರುಮಾಡಿದ ವರ್ಷಗಳಲ್ಲಿ ಒಬ್ಬ ರೈತರ ಮನೆಯಲ್ಲಿ ನಾನೇ ನಿಂತು ಸಂಪು ಕಟ್ಟಿಸಿದೆ. ಕೊಟ್ಟಿಗೆಯಿಂದ ಹದಿನೈದು ಅಡಿ ದೂರ ಇದ್ದರೆ ಸಾಕು ಅಂದುಕೊಂಡಿದ್ದೆ. ಎರಡನೇ ವರ್ಷ ಗೋಡೆ ಕೂದಲೆಳೆಯಷ್ಟು ಬಿರುಕುಬಿಟ್ಟು ಗಂಜಲ ಜಿನುಗಿತು. ಆ ಮನೆಯ ಎರಡು ಮಕ್ಕಳು ವಾಂತಿಭೇದಿಯಿಂದ ಆಸ್ಪತ್ರೆ ಸೇರಿದ ಮೇಲೆಯೇ ಅದು ಗೊತ್ತಾದದ್ದು. ಮಕ್ಕಳು ಉಳಿದರು. ಆ ತಪ್ಪು ನನ್ನದು, ಇವತ್ತಿಗೂ ಮರೆತಿಲ್ಲ. ಅಂದಿನಿಂದ ಕೊಟ್ಟಿಗೆ, ತಿಪ್ಪೆ, ಪಾಯಿಖಾನೆ ಗುಂಡಿಯಿಂದ ಐವತ್ತು ಅಡಿ ಒಳಗೆ ಕುಡಿಯುವ ನೀರಿನ ಸಂಪು ಬೇಡ ಎನ್ನುತ್ತೇನೆ.

ನಿಮಗೆ ನಾನು ಹೇಳುವುದು ನೆಲದ ಮೇಲೆ 5,000 ಲೀಟರಿನ ಎರಡು ಕಪ್ಪು ಸಿಂಟೆಕ್ಸ್ ಮಾದರಿ ಟ್ಯಾಂಕ್. ಸೋರಿದರೆ ಕಣ್ಣಿಗೆ ಕಾಣುತ್ತದೆ. ಕೆಳಗೆ ನಲ್ಲಿ ಹಾಕಿದರೆ ಕರೆಂಟ್ ಇರಲಿ ಇಲ್ಲದಿರಲಿ ಬಿಂದಿಗೆ ತುಂಬುತ್ತದೆ. ಒಂದನ್ನು ತೊಳೆಯುವಾಗ ಇನ್ನೊಂದು ಕೈಯಲ್ಲಿರುತ್ತದೆ, ಒಂದರಲ್ಲಿ ಇಲಿ ಬಿದ್ದರೂ ಇನ್ನೊಂದು ಉಳಿಯುತ್ತದೆ. ಕೊಡ ಇಡುವಷ್ಟು ಎತ್ತರಕ್ಕೆ ಕಲ್ಲು ಹಾಸಿ ಗಟ್ಟಿ ಕಟ್ಟೆ ಮಾಡಿಸಿ, ಒಂದೊಂದೂ ತುಂಬಿದಾಗ ಐದು ಟನ್ ತೂಗುತ್ತದೆ. ಮೇಲೊಂದು ಚಪ್ಪರ ಬೇಕು, ನಿಮ್ಮ ಏಪ್ರಿಲ್ ಬಿಸಿಲಿಗೆ ಪ್ಲಾಸ್ಟಿಕ್ ಬೇಗ ಹಾಳಾಗುತ್ತದೆ, ನೀರೂ ಕಾಯುತ್ತದೆ. ತುಂಬಿ ಹರಿಯುವ ಪೈಪಿಗೆ, ಗಾಳಿ ಪೈಪಿಗೆ ಸೊಳ್ಳೆ ಪರದೆ ಕಟ್ಟಿ. ಡೆಂಗಿ ಸೊಳ್ಳೆ ಹುಡುಕುವುದೇ ಇಂಥ ಶುದ್ಧ ನೀರನ್ನು. ಇಟ್ಟಿಗೆ, ಸಿಮೆಂಟಿನಲ್ಲಿ ಕಟ್ಟಿಸುವ ಇಷ್ಟವಿದ್ದರೆ ಅದೂ ಒಳ್ಳೆಯದೇ, ಮಳೆನೀರಿನ ಸಣ್ಣ ಹುಳಿಗುಣವನ್ನು ಸಿಮೆಂಟಿನ ಸುಣ್ಣ ತಗ್ಗಿಸುತ್ತದೆ. ಮೊದಲ ಸಲ ತುಂಬಿದ ನೀರನ್ನು ಮಾತ್ರ ಬಟ್ಟೆಗೆ ಬಳಸಿಬಿಡಿ. ಪ್ಲಾಸ್ಟಿಕ್ ಟ್ಯಾಂಕಿನ ಮಳೆನೀರನ್ನು ತಾಮ್ರದ ಕೊಳಗದಲ್ಲಿ ದಿನಗಟ್ಟಲೆ ಇಡಬೇಡಿ, ಹುಳಿಗುಣದ ನೀರು ತಾಮ್ರವನ್ನು ಕರಗಿಸಿಕೊಳ್ಳುತ್ತದೆ. ಸ್ಟೀಲ್ ಅಥವಾ ಮಣ್ಣಿನದು ಒಳ್ಳೆಯದು.

ಈಗ ಎಲ್ಲಕ್ಕಿಂತ ಮುಖ್ಯವಾದ ಭಾಗ. ಮಳೆನೀರು ಕೆಡುವುದು ಆಕಾಶದಲ್ಲಲ್ಲ, ಚಾವಣಿಯ ಮೇಲೆ. ತಿಂಗಳುಗಟ್ಟಲೆ ಕೂತ ದೂಳು, ಹಿಕ್ಕೆ, ಪಕ್ಕದ ಟೊಮೆಟೊ ತೋಟಕ್ಕೆ ಹೊಡೆದ ಔಷಧಿಯ ತುಂತುರು ಎಲ್ಲ ಮೊದಲ ಮಳೆಯಲ್ಲಿ ತೊಳೆದು ಬರುತ್ತವೆ. ಆ ನೀರನ್ನು ಹೊರಗೆ ಬಿಡಬೇಕು. ಪುಸ್ತಕದ ಲೆಕ್ಕದಲ್ಲಿ ಎರಡು ಮಿಲಿಮೀಟರ್ ಮಳೆ ಬಿಡಿ ಅನ್ನುತ್ತಾರೆ, ನಿಮ್ಮ ಚಾವಣಿಗೆ ಅದು 130 ಲೀಟರ್ ಹತ್ತಿರ. ಅದಕ್ಕೆ ಬಾಲ್ ವಾಲ್ವ್ ಇರುವ ಡ್ರಮ್ಮು, ಉದ್ದ ಪೈಪು ಇತ್ಯಾದಿ ಏರ್ಪಾಟುಗಳಿವೆ. ಆದರೆ ಹಳ್ಳಿಯ ಕಷ್ಟ ಬೇರೆ: ಮಳೆ ಬಂದಾಗ ಮನೆಯವರೆಲ್ಲ ಹೊಲದಲ್ಲಿರುತ್ತಾರೆ, ವಾಲ್ವ್ ತಿರುಗಿಸುವವರು ಯಾರು?

ನಾನು ಹೇಳುವ ಉಪಾಯ ಇದು. ಪೈಪಿನಲ್ಲಿ ಎರಡು ದಾರಿ ಮಾಡಿಸಿ, ಒಂದು ಟ್ಯಾಂಕಿಗೆ, ಒಂದು ತೋಟಕ್ಕೆ. ವರ್ಷವೆಲ್ಲ ತೋಟದ ದಾರಿಯೇ ತೆರೆದಿರಲಿ. ಏಪ್ರಿಲ್ ಕೊನೆಯಿಂದ ಮೇವರೆಗಿನ ಭರಣಿ, ಕೃತ್ತಿಕೆಯ ಮೊದಲ ಮಳೆಗಳು ಚಾವಣಿ ತೊಳೆದು ಹೋಗಲಿ. ಮನೆಯಲ್ಲಿ ಯಾರಾದರೂ ಇದ್ದು, ಮಳೆ ಹದಿನೈದು ನಿಮಿಷ ಚೆನ್ನಾಗಿ ಸುರಿದು, ಪೈಪಿನ ನೀರನ್ನು ಗಾಜಿನ ಲೋಟದಲ್ಲಿ ಹಿಡಿದಾಗ ತಿಳಿಯಾಗಿ ಕಂಡರೆ ಆಗ ಟ್ಯಾಂಕಿನ ದಾರಿ ತೆರೆಯಿರಿ. ಮಳೆ ನಿಂತ ಮೇಲೆ ಮತ್ತೆ ತೋಟಕ್ಕೆ ತಿರುಗಿಸಿ. ಹೀಗೆ ಮಾಡಿದರೆ ಬಹಳಷ್ಟು ನೀರು ಹೋಗುತ್ತದಲ್ಲ ಅನ್ನಿಸಬಹುದು. ಹೋಗಲಿ. ನಿಮಗೆ ಬೇಕಿರುವುದರ ಎರಡು ಪಟ್ಟು ಮೀರಿ ಆ ಚಾವಣಿ ಕೊಡುತ್ತದೆ ಎಂದು ಮೇಲೆ ಲೆಕ್ಕ ಹಾಕಿದೆವಲ್ಲ, ಅದು ಉಪಯೋಗಕ್ಕೆ ಬರುವುದು ಇಲ್ಲೇ. ಉತ್ತರೆಯಿಂದ ಚಿತ್ತೆಯವರೆಗೆ 200 ಮಿ.ಮೀ. ಒಳ್ಳೆಯ ಮಳೆ ಹಿಡಿದರೆ ಎರಡು ಟ್ಯಾಂಕೂ ತುಂಬುತ್ತವೆ. ಇಡೀ ಮನೆಗೆ ನೀರು ಬೇಕೆಂದು ಹೊರಟವರು ಮೊದಲ ಮಳೆಯನ್ನೂ ಬಿಡಲು ಮನಸ್ಸು ಬಾರದೆ ಕೊಳೆ ನೀರು ತುಂಬಿಕೊಳ್ಳುತ್ತಾರೆ. ಆಸೆ ಚಿಕ್ಕದಾದಷ್ಟೂ ನೀರು ಚೊಕ್ಕವಾಗುತ್ತದೆ.

ದಾರಿಯಲ್ಲೊಂದು ಫಿಲ್ಟರ್ ಇರಲಿ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ರೂಪಿಸಿದ ಪಾಪ್‌ಅಪ್ ಫಿಲ್ಟರ್ ಪೈಪಿಗೇ ಜೋಡಿಸುವಂಥದ್ದು, ಕಸ ಕಟ್ಟಿದಾಗ ತಾನೇ ಮೇಲೆದ್ದು ತಿಳಿಸುತ್ತದೆ. ಇಲ್ಲವೇ 200 ಲೀಟರ್ ಡ್ರಮ್ಮಿನಲ್ಲಿ ಜಲ್ಲಿ, ಮರಳು ತುಂಬಿ, ಮೇಲೆ ಜಾಲರಿ ಹಾಕಿದರೂ ನಡೆಯುತ್ತದೆ. ಮರಳನ್ನು ಪ್ರತಿ ವರ್ಷ ತೆಗೆದು ತೊಳೆದು ಒಣಗಿಸಬೇಕು. ಒಂದು ಮಾತು ನೆನಪಿರಲಿ: ಇವು ತಡೆಯುವುದು ಎಲೆ, ಮಣ್ಣು, ಹುಳು. ರೋಗಾಣುವನ್ನಲ್ಲ.

ರೋಗಾಣುವಿಗೆ ಕುದಿಸುವುದೇ ಅತಿ ಸರಳ. ಕುಡಿಯುವ ನೀರು ಕೊತಕೊತ ಕುದಿ ಬಂದು ಒಂದು ನಿಮಿಷ ಕುದಿದರೆ ಸಾಕು. ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲದ್ದರಿಂದ ಕುದಿಸಿದರೆ ಅದು ಗಟ್ಟಿಯಾಗುವ ಚಿಂತೆಯೂ ಇಲ್ಲ. ಟ್ಯಾಂಕ್ ತುಂಬಿದ ಮೇಲೆ ಒಂದು ಸಲ ಬ್ಲೀಚಿಂಗ್ ಪೌಡರ್ ಹಾಕಿ, ಸಾವಿರ ಲೀಟರಿಗೆ ಎರಡೂವರೆ ಗ್ರಾಂ, ನಿಮ್ಮ ಒಂದು ಟ್ಯಾಂಕಿಗೆ ಹನ್ನೆರಡು ಹದಿಮೂರು ಗ್ರಾಂ. ನೇರ ಸುರಿಯಬೇಡಿ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಮಾತ್ರ ಹಾಕಿ, ಒಂದು ಗಂಟೆಯಾದರೂ ಬಿಟ್ಟು ಬಳಸಿ. ಪೊಟ್ಟಣ ಹೊಸದಿರಬೇಕು, ತೆರೆದಿಟ್ಟ ಪೌಡರ್ ಶಕ್ತಿ ಕಳೆದುಕೊಂಡಿರುತ್ತದೆ. ಕ್ಲೋರಿನ್ ಕೆಲವೇ ದಿನಗಳಲ್ಲಿ ಹಾರಿಹೋಗುತ್ತದೆ, ಆದ್ದರಿಂದ ಅದನ್ನು ಹಾಕಿದ್ದೇವೆಂದು ಕುದಿಸುವುದನ್ನು ಬಿಡಬೇಡಿ. ಹೈಡ್ರೋಜನ್ ಸಲ್ಫೈಡ್ ಬಾಟಲಿ ಪರೀಕ್ಷೆ ಅಂತ ಒಂದಿದೆ. ಅದರಲ್ಲಿ ನೀರು ತುಂಬಿಟ್ಟು ಕಪ್ಪಾದರೆ ಎಲ್ಲೋ ಹೊಲಸು ಸೇರಿದೆ ಎಂದು ಅರ್ಥ. ವರ್ಷಕ್ಕೆರಡು ಸಲ ಮಾಡಿ.

ಟ್ಯಾಂಕ್ ತೊಳೆಯಲು ಒಳಗಿಳಿಯುವವರು ಹಿಂದಿನ ದಿನವೇ ಮುಚ್ಚಳ ತೆಗೆದಿಟ್ಟಿರಬೇಕು. ಹೊರಗೊಬ್ಬರು ನಿಂತಿರಲೇಬೇಕು. ಪೆಟ್ರೋಲ್ ಪಂಪನ್ನು ಒಳಗಿಳಿಸಬಾರದು. ಮುಚ್ಚಿದ ತೊಟ್ಟಿಗಳಲ್ಲಿ ಉಸಿರು ಕಟ್ಟಿ, ಎತ್ತಲು ಇಳಿದವರೂ ಸೇರಿ ಸತ್ತಿದ್ದಾರೆ. ಇದನ್ನು ಮನೆಯ ಗಂಡಸರಿಗೆ ಓದಿ ಹೇಳಿ.

ಪಕ್ಕದ ತೋಟದವರ ಸಲಹೆ ಅರ್ಧ ಒಳ್ಳೆಯದು. ಚಾವಣಿ ನೀರನ್ನು ನೇರ ಕೇಸಿಂಗ್ ಪೈಪಿಗೆ ಬಿಟ್ಟರೆ ಹಿಕ್ಕೆ, ಮಣ್ಣು ಎಲ್ಲ ನೆಲದ ನೀರಿಗೆ ಇಳಿಯುತ್ತದೆ, ಬಿರುಕುಗಳು ಹೂಳಿನಿಂದ ಮುಚ್ಚಿಕೊಳ್ಳುತ್ತವೆ. ಒಮ್ಮೆ ಕೆಟ್ಟರೆ ಸರಿಮಾಡಲಾಗದು. ಬೋರ್ ಸುತ್ತ ಹತ್ತಡಿ ಗುಂಡಿ ತೆಗೆದು, ದಪ್ಪ ಕಲ್ಲು, ಜಲ್ಲಿ, ಮರಳು ತುಂಬಿ, ಕೇಸಿಂಗ್‌ಗೆ ತೂತು ಕೊರೆದು ಜಾಲರಿ ಸುತ್ತಿ ಹೊಲದ ಹರಿವನ್ನು ಇಂಗಿಸುವ ಕ್ರಮ ಬೇರೆ. ಚಿತ್ರದುರ್ಗದ ಭೂವಿಜ್ಞಾನಿ ದೇವರಾಜ ರೆಡ್ಡಿಯವರು ಅದನ್ನು ರೈತರಿಗೆ ಬಹಳ ಕಡೆ ಹೇಳಿಕೊಟ್ಟಿದ್ದಾರೆ. ಬೋರ್ ಬಾಳಿಕೆಗೆ ಅದು ಒಳ್ಳೆಯದು, ಮಾಡಿಸಿ. ಆದರೆ 3.2 ಇರುವುದು 1ಕ್ಕೆ ಇಳಿಯುತ್ತದೆಂದು ಯಾರೂ ಮಾತು ಕೊಡಲಾಗದು. ಇಳಿದ ನೀರು ಯಾವ ಬಿರುಕಿನಲ್ಲಿ ಎಲ್ಲಿಗೆ ಹೋಗುತ್ತದೋ. ಮಗನ ಹಲ್ಲನ್ನು ಆ ಲೆಕ್ಕದ ಮೇಲೆ ಬಿಡಬೇಡಿ.

ಬರದ ವರ್ಷ ಟ್ಯಾಂಕ್ ಬರಿದಾದರೆ ಕ್ಯಾನ್ ಇದ್ದೇ ಇದೆ. ಮಾವನವರನ್ನು ಒಪ್ಪಿಸಲು ಒಂದು ಕೆಲಸ ಮಾಡಿ. ಮುಂದಿನ ಒಳ್ಳೆಯ ಮಳೆಗೆ ಚಾವಣಿ ತೊಳೆದ ಮೇಲೆ ಎರಡು ಬಿಂದಿಗೆ ಹಿಡಿಯಿರಿ. ಒಂದೇ ಅಳತೆಯ ತೊಗರಿಬೇಳೆಯನ್ನು ಎರಡು ಪಾತ್ರೆಯಲ್ಲಿ, ಒಂದಕ್ಕೆ ಬೋರ್ ನೀರು, ಒಂದಕ್ಕೆ ಮಳೆನೀರು ಹಾಕಿ ಅತ್ತೆಯವರ ಕೈಯಲ್ಲೇ ಒಲೆಗಿಡಿಸಿ. ಲವಣ ಹೆಚ್ಚಿರುವ ಗಡಸು ನೀರಿನಲ್ಲಿ ಬೇಳೆ ಬೇಯಲು ಸತಾಯಿಸುತ್ತದೆ, ಮಳೆನೀರಿನಲ್ಲಿ ಬೇಗ ಕರಗುತ್ತದೆ. ನಿಮ್ಮ ಬೋರ್ ನೀರು ಎಷ್ಟು ಗಡಸು ಎಂದು ವರದಿಯಲ್ಲಿ ನೋಡಿಕೊಂಡು ಈ ಪರೀಕ್ಷೆಗೆ ಇಳಿಯಿರಿ. ಯಾವ ಸಾರು ರುಚಿ ಅಂತ ಮಾವನವರೇ ಹೇಳಲಿ. ಊರಿನ ಘಟಕದ ನೀರಿನ ಫ್ಲೋರೈಡ್ ಎಷ್ಟು ಬಂತೆಂದು ನನಗೂ ತಿಳಿಸಿ. ಅದು 1 ದಾಟಿದ್ದರೆ ಟ್ಯಾಂಕ್ ಬರುವವರೆಗಿನ ತಿಂಗಳುಗಳಿಗೆ ಬೇರೆ ಏರ್ಪಾಟು ಯೋಚಿಸಬೇಕಾಗುತ್ತದೆ.